ಉಸ್ತುವಾರಿಯ ಸಾಲಿನಲ್ಲಿದ್ದ ಹೆಸರು

ಬೇಸಿಗೆಯಲ್ಲೂ ಸ್ವೆಟರ್ ಹಾಕಿಕೊಂಡು ಬರುವ ಮನುಷ್ಯ ಎಂದೇ ಕಡೂರಿನ ನಮ್ಮ ಬೀದಿಯಲ್ಲಿ ಅವರನ್ನು ಗುರುತಿಸುತ್ತಿದ್ದರು. ಅಜ್ಜಂಪುರದಲ್ಲಿ ಬೆಳಿಗ್ಗೆ ಬಸ್ಸು ಹತ್ತಿ, ಬೀರೂರಿನಲ್ಲಿ ಇಳಿದು, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಬರುತ್ತಿದ್ದರು. ಬಸ್ಸಿನ ಕಿಟಕಿಯ ಗಾಳಿ ಕಿವಿಗೆ ಆಗುವುದಿಲ್ಲ, ಅದಕ್ಕೇ ಸ್ವೆಟರ್ ಎನ್ನುವರು. ಹಾಗಾದರೆ ಕಿಟಕಿ ಬಿಟ್ಟು ಬೇರೆ ಕಡೆ ಕೂರಬಹುದಲ್ಲ ಸರ್ ಎಂದರೆ, "ಕಿಟಕಿ ಇಲ್ದಿದ್ರೆ ಹೊಲ ಕಾಣಲ್ಲ ಕಣಪ್ಪಾ" ಎನ್ನುವರು. ಇಂಥವರ ಜೊತೆ ವಾದ ಮಾಡಿ ಗೆಲ್ಲಲು ನಾನು ವರ್ಷಗಟ್ಟಲೆ ಪ್ರಯತ್ನಪಟ್ಟೆ. ಒಂದು ಸಲವೂ ಗೆಲ್ಲಲಿಲ್ಲ. ಹೋದ ಕಾರ್ತಿಕದಲ್ಲಿ ಅವರು ತೀರಿಕೊಂಡರು.

ನಮ್ಮದು ಹಳ್ಳಿಯ ಹಾಲಿನ ಡೈರಿಗಳಿಗೆ ಪೆಟ್ಟಿಗೆ ಮಾಡಿಕೊಡುವ ಸಣ್ಣ ವರ್ಕ್‌ಶಾಪು. ಹಾಲು ತೂಗಿ, ಫ್ಯಾಟ್ ಎಷ್ಟಿದೆ ನೋಡಿ, ಹಾಕಿದವರ ಕೈಗೆ ಚೀಟಿ ಕೊಡುವ ಪೆಟ್ಟಿಗೆ ಅದು. ಪೆಟ್ಟಿಗೆಯೊಳಗೆ ಒಂದು ಬೋರ್ಡು, ಬೋರ್ಡಿನ ಮೇಲೆ ಉಗುರಿನಗಲದ ಒಂದು ಚಿಪ್. ಬೋರ್ಡು ಮಾಡಿಸುವವನು ನಾನು. ಆ ಬೋರ್ಡಿನಲ್ಲಿ ಏನೇನಿದೆ, ಎಲ್ಲೆಲ್ಲಿದೆ ಎಂದು ಆಪರೇಟಿಂಗ್ ಸಿಸ್ಟಮ್‌ಗೆ ತಿಳಿಸುವ ಫೈಲು ಬರೆಯುವವರು ಅವರು. ಇದು ಕೆಲಸವೇ ಎಂದು ಕೇಳುವವರಿದ್ದಾರೆ. ನಮ್ಮ ಮಾಲೀಕರೇ ಕೇಳುತ್ತಿದ್ದರು.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ಕೇಳಿದ್ದೆ. ಪೆನ್‌ಡ್ರೈವ್ ಸಿಕ್ಕಿಸಿದರೆ ಕಂಪ್ಯೂಟರು ತಾನಾಗಿ ಗುರುತಿಸುತ್ತದೆ, ಇದಕ್ಕೇಕೆ ಒಬ್ಬರು ಕೂತು ಬರೆಯಬೇಕು ಎಂದು. ಅವರು ಕನ್ನಡಕ ತೆಗೆದು ಸ್ವೆಟರಿನ ತುದಿಯಲ್ಲಿ ಒರೆಸಿಕೊಂಡರು. ಪಾಠ ಶುರುವಾಗುತ್ತದೆ ಎಂಬುದಕ್ಕೆ ಅದೇ ಸೂಚನೆ.

"ಪೆನ್‌ಡ್ರೈವ್‌ಗೆ ಬಾಯಿದೆ. ಸಿಕ್ಕಿಸಿದ ತಕ್ಷಣ ನಾನು ಇಂಥವನು, ಇಂಥ ಕಂಪನಿಯವನು ಅಂತ ಹೇಳ್ಕೊಳುತ್ತೆ. ಚಿಪ್ ಒಳಗೇ ಒಂದು ಕಂಟ್ರೋಲರ್ ಇರುತ್ತಲ್ಲ, ಮೆಮೊರಿಗೆ ಬರೆಯೋದು, ಓದೋದು ನೋಡ್ಕೊಳ್ಳೋದು, ಅದು ಬಾಯಿ ಬಿಡಲ್ಲ. ನೀನೇ ಹೋಗಿ ಕೇಳಿದ್ರೂ ಹೇಳಲ್ಲ. ಊರಿಗೆ ಹೊಸ ಪೋಸ್ಟ್‌ಮ್ಯಾನ್ ಬಂದಿದಾನೆ ಅನ್ಕೋ. ಯಾವ ಮನೆಗೂ ಹೆಸರಿನ ಬೋರ್ಡಿಲ್ಲ. ಊರೋರು ಯಾರಾದ್ರೂ ಒಬ್ಬರು ಜೊತೆಗೆ ಹೋಗಿ, ಇದು ಇಂಥವರ ಮನೆ, ಇವರಿಗೆ ನೀರು ಈ ನಲ್ಲೀಲಿ ಬರುತ್ತೆ, ಕರೆಂಟು ಆ ಕಂಬದಿಂದ ಬರುತ್ತೆ, ಬಾಗಿಲು ಹಿಂದ್ಗಡೆ ಐತೆ ಅಂತ ತೋರಿಸ್ಬೇಕಲ್ವಾ? ಅದನ್ನೇ ಬರೆಯೋದು ನಾನು."

"ತಪ್ಪು ಬರೆದರೆ ಸರ್?"

"ಮನೆ ಇದ್ದೂ ಇಲ್ಲ ಅನ್ನಿಸ್ಕೊಳುತ್ತೆ."

ಅವರು ಬರೆಯುವ ಕ್ರಮ ನೋಡಿದರೆ ನನಗೆ ಮೈ ಪರಚಿಕೊಳ್ಳುವ ಹಾಗಾಗುತ್ತಿತ್ತು. ಎಲ್ಲರೂ ಇನ್ನೊಂದು ಬೋರ್ಡಿನ ಫೈಲನ್ನು ತೆಗೆದುಕೊಂಡು, ಬೇಕಾದಲ್ಲಿ ತಿದ್ದಿ ಕೆಲಸ ಮುಗಿಸುತ್ತಾರೆ. ಅವರು ಹಾಗಲ್ಲ. ಬೋರ್ಡನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಂದೊಂದು ತಂತಿಯನ್ನೂ ಬೆರಳಲ್ಲಿ ಹಿಂಬಾಲಿಸಿಕೊಂಡು ಹೋಗುವರು. ಚಿಪ್ ಮಾಡಿದ ಕಂಪನಿಯವರೇ ಕೊಟ್ಟ ಫೈಲಿನಲ್ಲಿ, ಮೆಮೊರಿ ಕಾರ್ಡ್ ಸಿಕ್ಕಿಸಿದ್ದನ್ನು ತಿಳಿಸಲು ಒಂದು ತಂತಿಯಿದೆ ಎಂದು ಇತ್ತು. ನಮ್ಮ ಬೋರ್ಡಿನಲ್ಲಿ ಆ ತಂತಿಯನ್ನೇ ನಾನು ಎಳೆಸಿರಲಿಲ್ಲ. ಕಂಪನಿಯ ಮಾತನ್ನು ಹಾಗೇ ಬರೆದಿದ್ದರೆ ಆ ಸಿಸ್ಟಮ್ಮು ಕಾರ್ಡು ಬಂದೀತು ಎಂದು ಜನ್ಮವಿಡೀ ಕಾಯುತ್ತ ಕೂರುತ್ತಿತ್ತು. ಅಂಥ ಬೋರ್ಡಿಗೆ ಬರೆಯಬೇಕಾದ ಒಂದು ಪದವಿದೆ. ಕನ್ನಡದಲ್ಲಿ ಹೇಳಿದರೆ 'ಪತ್ತೆ ಮಾಡುವುದು ಕೆಟ್ಟಿದೆ' ಎಂದಾಗುತ್ತದೆ. ಅದನ್ನು ಬರೆಯುವಾಗಲೆಲ್ಲ ಅವರು ಗೊಣಗುವರು. "ಕೆಟ್ಟಿಲ್ಲ ಕಣಪ್ಪಾ, ತಂತಿ ಹಾಕಿಲ್ಲ ಅಷ್ಟೆ. ಆದ್ರೆ ಯಾರೋ ಇಟ್ಟಾಗೋಗಿದೆ ಹೆಸರು. ಬರೀಬೇಕು."

'ಇದ್ದದ್ದನ್ನ ಬರಿ, ಆಗಬೇಕಾದ್ದನ್ನ ಬರೀಬೇಡ' ಎನ್ನುವುದು ಅವರ ಬಾಯಿಂದ ದಿನಕ್ಕೊಮ್ಮೆಯಾದರೂ ಬರುತ್ತಿತ್ತು. ಈ ಫೈಲುಗಳನ್ನು ಬರೆಯುವ ಲೋಕದಲ್ಲಿ ಅದೇ ನಿಯಮವಂತೆ: ಯಂತ್ರ ಹೇಗಿದೆ ಎಂದಷ್ಟೇ ಹೇಳಬೇಕು, ಅದು ಏನು ಮಾಡಬೇಕು ಎಂದು ಹೇಳಕೂಡದು. ಅವರು ಇದನ್ನು ಯಂತ್ರಕ್ಕಷ್ಟೇ ಇಟ್ಟುಕೊಂಡಿದ್ದರೆ ಚೆನ್ನಾಗಿತ್ತು. ಮನುಷ್ಯರಿಗೂ ಹಚ್ಚುವರು. ದೇವನೂರಿನ ಡೈರಿಯ ಸೆಕ್ರೆಟರಿ ನನ್ನನ್ನು ಒಂದು ಮಧ್ಯಾಹ್ನ ಸುಮ್ಮನೆ ಕಾಯಿಸಿ ಕಳಿಸಿದ್ದ. ಬಂದು ನಾನು ಅವನ ಜನ್ಮ ಜಾಲಾಡುತ್ತಿದ್ದರೆ, ಇವರು ಬೋರ್ಡಿನಿಂದ ಕಣ್ಣೆತ್ತದೆ, "ಆತ ಬರಲಿಲ್ಲ, ನೀನು ಕಾದೆ. ಅಷ್ಟೇ ತಾನೆ? ಉಳಿದಿದ್ದು ನೀನು ಬರ್ಕೊಂಡಿದ್ದು" ಎಂದರು. ನನಗೆ ಸೆಕ್ರೆಟರಿಗಿಂತ ಇವರ ಮೇಲೇ ಹೆಚ್ಚು ಸಿಟ್ಟು ಬಂತು.

ತರೀಕೆರೆಯ ಆಚೆ, ಕೆಮ್ಮಣ್ಣುಗುಂಡಿ ಬೆಟ್ಟದ ಬುಡದ ಒಂದು ಹಳ್ಳಿಯ ಡೈರಿಯಲ್ಲಿ ನಮ್ಮ ಹೊಸ ಪೆಟ್ಟಿಗೆ ಚಳಿಗಾಲದ ಬೆಳಿಗ್ಗೆ ಮಾತ್ರ ಏಳುತ್ತಿರಲಿಲ್ಲ. ಬಿಸಿಲು ಬಂದ ಮೇಲೆ ಸರಿಯಾಗುತ್ತಿತ್ತು. ಅಷ್ಟು ಹೊತ್ತಿಗೆ ಹಾಲಿನ ಗಾಡಿ ಹೋಗಿಯಾಗಿರುತ್ತಿತ್ತು. ನಾವಿಬ್ಬರೂ ಹಿಂದಿನ ದಿನವೇ ತರೀಕೆರೆಗೆ ಹೋಗಿ ಉಳಿದು, ನಸುಕಿನಲ್ಲೇ ಆ ಡೈರಿಗೆ ಹೋದೆವು. ಹಾಲಿನ ಕ್ಯಾನು ಹಿಡಿದುಕೊಂಡು ಹೆಂಗಸರು ಸಾಲಾಗಿ ನಿಂತಿದ್ದರು. ಪೆಟ್ಟಿಗೆಯ ಪರದೆ ಕಪ್ಪಗಿತ್ತು.

"ಏನ್ ಸ್ವಾಮಿ, ನಿಮ್ಮ ಪೆಟ್ಟಿಗೆಗೆ ಇನ್ನೂ ಬೆಳಗಾಗಿಲ್ವಾ?" ಎಂದಳು ಮುಂದಿದ್ದ ಹೆಂಗಸು.

"ಅದಕ್ಕೂ ಚಳಿ ತಾಯಿ. ನನಗಾದ್ರೆ ಸ್ವೆಟರ್ ಇದೆ, ಅದಕ್ಕಿಲ್ಲ" ಎಂದರು ಇವರು.

ಸಾಲಿಗೆ ಸಾಲೇ ನಕ್ಕಿತು. ಅವರು ತಮಾಷೆಗೆ ಅಂದದ್ದು ನಿಜವೂ ಆಗಿತ್ತು. ಆ ಕಂತಿನ ಬೋರ್ಡುಗಳಲ್ಲಿ ಬೇರೆ ಕಂಪನಿಯ ಮೆಮೊರಿ ಹಾಕಿಸಿದ್ದೆವು. ಚಳಿಯಲ್ಲಿ ಅದಕ್ಕೆ ಕರೆಂಟು ಬಂದ ಮೇಲೆ ಸಿದ್ಧವಾಗಲು ಒಂದು ಚೂರು ಹೆಚ್ಚು ಹೊತ್ತು ಬೇಕಾಗುತ್ತಿತ್ತು. ಕಂಟ್ರೋಲರ್ ಅದಕ್ಕೂ ಮೊದಲೇ ಕೂಗಿ ಕರೆದು, ಉತ್ತರವಿಲ್ಲವೆಂದು ಕೈಬಿಡುತ್ತಿತ್ತು. ಫೈಲಿನಲ್ಲಿ ಒಂದು ಸಾಲು ಸೇರಿಸಿ, ಇಷ್ಟು ಹೊತ್ತು ತಾಳು ಎಂದು ಬರೆದರೆ ಮುಗಿಯಿತು. ನಾನು ಮೆಮೊರಿ ಕಂಪನಿಯವರನ್ನು ಬೈಯುತ್ತಿದ್ದೆ. ಅವರು ಲ್ಯಾಪ್‌ಟಾಪ್ ಮುಚ್ಚಿ, "ಅದರ ಸ್ವಭಾವ ಅದು. ಗೊತ್ತಿರಲಿಲ್ಲ, ಈಗ ಗೊತ್ತಾಯ್ತು, ಬರೆದಿಟ್ಟಾಯ್ತು. ಬಾ, ಕಾಫಿ ಕುಡಿಯಣ" ಎಂದರು. ಮಾರನೆಯ ನಸುಕಿನಲ್ಲಿ ಪೆಟ್ಟಿಗೆ ಎದ್ದದ್ದನ್ನು ಕಣ್ಣಾರೆ ನೋಡಿದ ಮೇಲೇ ಅಜ್ಜಂಪುರದ ಬಸ್ಸು ಹತ್ತಿದರು.

ನಮ್ಮ ಪೆಟ್ಟಿಗೆಯಲ್ಲಿ ಓಡುವುದು ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್. ಅದು ಯಾರ ಸ್ವತ್ತೂ ಅಲ್ಲ. ಬೇರೆ ಬೇರೆ ದೇಶದವರು ಬರೆದು, ಇಮೇಲಿನಲ್ಲೇ ಒಬ್ಬರನ್ನೊಬ್ಬರು ತಿದ್ದಿ, ಜಗಳ ಆಡಿ ನಡೆಸಿಕೊಂಡು ಹೋಗುತ್ತಾರೆ. ನಾವು ಬಳಸುವ ಚಿಪ್ಪಿನೊಳಗಿನ ಆ ಕಂಟ್ರೋಲರ್ ಬಗ್ಗೆ ಅಲ್ಲಿ ಯಾರೂ ಬರೆದಿರಲಿಲ್ಲ. ನಮಗಷ್ಟೇ ಬರೆದುಕೊಂಡರೆ ಸಾಕಿತ್ತು. ಇವರು ಬರೆದದ್ದನ್ನು ಅಲ್ಲಿಗೇ ಕಳಿಸಿದರು. ಮೊದಲ ಸಲ ಅಲ್ಲಿಯ ಹಿರಿಯನೊಬ್ಬ ಚೆನ್ನಾಗಿ ಬೆಂಡೆತ್ತಿದ. ನಾನಾಗಿದ್ದರೆ ಅಲ್ಲಿಗೇ ಕೈ ಮುಗಿಯುತ್ತಿದ್ದೆ. ಇವರು ಅವನಿಗೆ ಧನ್ಯವಾದ ಹೇಳಿ, ತಿದ್ದಿ ಮತ್ತೆ ಕಳಿಸಿದರು, ಮತ್ತೆ ತಿದ್ದಿದರು. ಕೊನೆಗೆ ಅಲ್ಲಿಯವರು ಒಪ್ಪಿದರು. ಅಂಥ ಪ್ರತಿ ಫೈಲಿನಲ್ಲೂ ಮೇಲ್ಗಡೆ ಒಂದು ಸಾಲು ಇರುತ್ತದೆ, ಇದರ ಉಸ್ತುವಾರಿ ಯಾರದು ಎಂದು. ಅಲ್ಲಿ ಇವರ ಹೆಸರು, ಇವರ ಸ್ವಂತ ಇಮೇಲ್ ವಿಳಾಸ ಬಂತು. ಅಂದಿನಿಂದ ಆ ಕಂಟ್ರೋಲರ್ ಬಗ್ಗೆ ಯಾವ ದೇಶದವರು ಏನು ತಿದ್ದಲು ಹೊರಟರೂ ಪತ್ರ ಇವರಿಗೆ ಬರಬೇಕು, ಇವರು ನೋಡಿ ಸರಿ ಎನ್ನಬೇಕು.

ಅವರ ಫೋನಿನಲ್ಲಿ ಆ ಪತ್ರಗಳಿಗೆಂದೇ ಒಂದು ಸಣ್ಣ ಗಂಟೆಯ ಸದ್ದು ಇಟ್ಟುಕೊಂಡಿದ್ದರು. ಅದು ಬಡಿದರೆ ಮಾತಿನ ಮಧ್ಯೆಯೇ ಎದ್ದು ಹೋಗುವರು. ಫೋನಿನಲ್ಲಿ ಇಂಗ್ಲಿಷ್ ಮಾತಾಡು ಎಂದರೆ ಬೆವರುತ್ತಿದ್ದ ಮನುಷ್ಯ, ಬರೆಯುವಾಗ ಮಾತ್ರ ಅಳೆದು ತೂಗಿ ನಾಲ್ಕೇ ಸಾಲು ಬರೆದು, ಸಂಜೆಯ ಬಸ್ಸಿಗೆ ಹೊರಡುವ ಮುಂಚೆ ಎಲ್ಲರಿಗೂ ಉತ್ತರ ಕೊಟ್ಟಿರುತ್ತಿದ್ದರು. ಮಾಲೀಕರು ಒಮ್ಮೆ ರೇಗಿದರು, ಇದರಿಂದ ನಮಗೇನು ಬಂತು ಎಂದು. "ಕೇಳಿದೋರಿಗೆ ಇಲ್ಲ ಅಂತಾದ್ರೂ ಹೇಳ್ಬೇಕಲ್ವಾ ಸರ್? ಬಾಗಿಲು ತಟ್ಟಿ ನಿಂತಿರ್ತಾರೆ" ಎಂದರು ಇವರು. ಮಾಲೀಕರು ಆಮೇಲೆ ಆ ವಿಷಯ ಎತ್ತಲಿಲ್ಲ. ಸಂಬಳವೂ ಏರಲಿಲ್ಲ.

ಆ ಚಿಪ್ಪಿನಲ್ಲಿ ಅಂಥ ಕಂಟ್ರೋಲರ್‌ಗಳು ಎರಡಿವೆ. ನಮ್ಮ ಪೆಟ್ಟಿಗೆಗೆ ಬೇಕಾದದ್ದು ಒಂದೇ. ಇವರು ಎರಡನ್ನೂ ಬರೆದು, ಎರಡನೆಯದಕ್ಕೆ ಸದ್ಯ ಬಳಕೆಯಲ್ಲಿಲ್ಲ ಎಂದು ಗುರುತು ಹಾಕಿದ್ದರು. ಯಾರಿಗೂ ಬೇಡದ್ದಕ್ಕೆ ಇಷ್ಟು ದಿನ ಯಾಕೆ ಕೂತಿರಿ ಎಂದು ನಾನು ಆಡಿಕೊಂಡೆ. "ಚಿಪ್ಪಲ್ಲಿ ಐತಲ್ಲ. ನಮಗೆ ಬೇಡ ಅಂತ ಇಲ್ಲ ಅನ್ನಕ್ಕಾಗುತ್ತಾ?" ಎಂದರು. ಮುಂದೆ ಅದು ಯಾರಿಗೋ ಬೇಕಾಯಿತು. ದೂರದ ದೇಶದ ಒಬ್ಬಾಕೆ ಅದೇ ಚಿಪ್ ಇಟ್ಟು ಸಮುದ್ರದ ಅಲೆ ಅಳೆಯುವ ಪೆಟ್ಟಿಗೆ ಮಾಡುತ್ತಿದ್ದಳು, ಆಕೆ ಎರಡನೆಯದನ್ನೇ ಬಳಸಿದಳು. ಆಕೆಯ ಪತ್ರ ಬಂದ ದಿನ ಇವರು ಬೀರೂರಿನಿಂದ ಬರುವಾಗ ಎಲ್ಲರಿಗೂ ಮೈಸೂರುಪಾಕು ತಂದಿದ್ದರು.

ಕಾರ್ತಿಕದ ಒಂದು ಬೆಳಿಗ್ಗೆ ಬಸ್ಸಿಗೆ ಹೊರಟು ನಿಂತವರಿಗೆ ಎದೆ ನೋವು ಬಂತಂತೆ. ಕಾರು ಮಾಡಿಕೊಂಡು ಶಿವಮೊಗ್ಗಕ್ಕೆ ಕರೆದೊಯ್ಯುವಾಗ, ತರೀಕೆರೆ ದಾಟುವಷ್ಟರಲ್ಲಿ ಹೋಗಿಬಿಟ್ಟಿದ್ದರು. ನಾನು ಅಜ್ಜಂಪುರ ಮುಟ್ಟಿದಾಗ ಅವರನ್ನು ಪಡಸಾಲೆಯಲ್ಲಿ ಕೂರಿಸಿ, ಹಣೆಗೆ ವಿಭೂತಿ ಹಚ್ಚಿದ್ದರು. ಕನ್ನಡಕ ಇರಲಿಲ್ಲ, ಸ್ವೆಟರ್ ಇರಲಿಲ್ಲ. ಇವರು ಬೇರೆ ಯಾರೋ ಎಂದು ಒಂದು ಕ್ಷಣ ಅನ್ನಿಸಿತು. ಮಠದಿಂದ ಅಯ್ಯನವರು ಬಂದರು. ಊರಾಚೆಯ ಅವರದೇ ಹೊಲದ ಮೂಲೆಯಲ್ಲಿ, ಈರುಳ್ಳಿ ಕಿತ್ತು ಖಾಲಿಯಾಗಿದ್ದ ಜಾಗದಲ್ಲಿ ಸಮಾಧಿ ಮಾಡಿದರು. ನಾನೂ ಒಂದು ಹಿಡಿ ಮಣ್ಣು ಹಾಕಿದೆ. ಬಸ್ಸಿನಲ್ಲಿ ವಾಪಸು ಬರುವಾಗ ನನಗೆ ತಿಳಿಯದೆಯೇ ಕಿಟಕಿ ಪಕ್ಕ ಕೂತಿದ್ದೆ.

ವರ್ಕ್‌ಶಾಪಿನಲ್ಲಿ ಕೆಲಸ ನಿಲ್ಲಲಿಲ್ಲ, ಯಾರು ಇಲ್ಲದಿದ್ದರೂ ಕೆಲಸ ನಿಲ್ಲುವುದಿಲ್ಲ. ಅವರು ಬರೆದಿಟ್ಟ ಫೈಲುಗಳು ಇದ್ದವು. ಹೊರಗಿನ ಲೋಕದವರಿಗೆ ತಿಳಿಸಬೇಕು ಎಂದು ಯಾರಿಗೂ ಹೊಳೆಯಲಿಲ್ಲ. ಊರಲ್ಲಿ ಸಾವಾದರೆ ನೆಂಟರಿಗೆ ಫೋನು ಹೋಗುತ್ತದೆ, ಪೇಪರಿನವರಿಗೆ ಫೋಟೋ ಹೋಗುತ್ತದೆ. ಮುಖವನ್ನೇ ನೋಡದ ಈ ಜನರಿಗೆ ಹೇಳಿ ಕಳಿಸುವ ರೂಢಿ ನಮ್ಮಲ್ಲಿ ಇನ್ನೂ ಬಂದಿಲ್ಲ.

ಶಿವರಾತ್ರಿ ಕಳೆದ ಮೇಲೆ ನನಗೊಂದು ಪತ್ರ ಬಂತು. ಆ ಫೈಲಿನ ಬೋರ್ಡು ಪರೀಕ್ಷೆ ಮಾಡಿದವನು ಎಂದು ನನ್ನ ಹೆಸರೂ ಎಲ್ಲೋ ಒಂದು ಕಡೆ ಇತ್ತು, ಅದನ್ನು ಹುಡುಕಿ ಬರೆದಿದ್ದರು. ಬರೆದವನು ಮೊದಲ ಸಲ ಬೆಂಡೆತ್ತಿದ ಅದೇ ಹಿರಿಯ. ಇವರಿಂದ ತಿಂಗಳುಗಟ್ಟಲೆ ಉತ್ತರವಿಲ್ಲ. ಸಮುದ್ರದ ಪೆಟ್ಟಿಗೆ ಮಾಡುತ್ತಿದ್ದಾಕೆ ಕಳಿಸಿದ ತಿದ್ದುಪಡಿ ಇವರ ಒಪ್ಪಿಗೆಗೆ ಕಾದು ನಿಂತಿದೆ. ಇವರಿಗೆ ಬಿಡುವಿಲ್ಲದಿದ್ದರೆ ಉಸ್ತುವಾರಿಯ ಸಾಲಿನಲ್ಲಿ ಇವರ ಹೆಸರು ತೆಗೆದು ನಿಮ್ಮದು ಹಾಕಬಹುದೇ. ತೆಗೆಯುವಾಗ ಆ ವ್ಯಕ್ತಿಯ ಒಪ್ಪಿಗೆ ಕೇಳುವುದು ಇಲ್ಲಿಯ ವಾಡಿಕೆ, ದಯವಿಟ್ಟು ಕೇಳಿ ತಿಳಿಸಿ ಎಂದಿತ್ತು. ಕೆಳಗೆ ಆಕೆಯ ಪತ್ರಗಳೂ ಇದ್ದವು. ಮತ್ತೊಮ್ಮೆ ನೆನಪಿಸುತ್ತಿದ್ದೇನೆ, ತೊಂದರೆಯಾದರೆ ಕ್ಷಮಿಸಿ, ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ. ಒಂದಾದ ಮೇಲೆ ಒಂದು, ಎಲ್ಲದರಲ್ಲೂ ಅದೇ ಮರ್ಯಾದೆ.

ಅವರ ಒಪ್ಪಿಗೆ ನಾನು ಎಲ್ಲಿಂದ ತರಲಿ? ಸುಮ್ಮನೆ ಒಂದು ಸಾಲು ಬರೆದು ಮುಗಿಸಬಹುದಿತ್ತು. ಮನಸ್ಸು ಒಪ್ಪಲಿಲ್ಲ. ಒಂದು ಭಾನುವಾರ ಲ್ಯಾಪ್‌ಟಾಪ್ ಚೀಲಕ್ಕೆ ಹಾಕಿಕೊಂಡು ಅಜ್ಜಂಪುರಕ್ಕೆ, ಅವರ ಹೆಂಡತಿಯನ್ನು ಕೇಳಲು ಹೋದೆ.

ಅವರನ್ನು ನಾನು ಅಕ್ಕ ಎನ್ನುತ್ತೇನೆ. ಮಗಳು ತರೀಕೆರೆಯಲ್ಲಿ ಗಂಡನ ಮನೆಯಲ್ಲಿದ್ದಾಳೆ, ವಾರಕ್ಕೊಮ್ಮೆ ಬಂದು ಹೋಗುತ್ತಾಳೆ. ಅಕ್ಕ ಮಂಡಕ್ಕಿ ಒಗ್ಗರಣೆ ಹಾಕಿ ತಂದಿಟ್ಟು, ಎದುರಿಗೆ ಚಾಪೆಯ ಮೇಲೆ ಕೂತರು. ನಾನು ಹೇಗೆ ಶುರು ಮಾಡಲಿ ಎಂದು ತಡಬಡಾಯಿಸುತ್ತಿದ್ದಾಗಲೇ ಒಳಗಿನಿಂದ ಆ ಸಣ್ಣ ಗಂಟೆ ಬಡಿಯಿತು. ನನ್ನ ಕೈಯ ತುತ್ತು ಕೈಯಲ್ಲೇ ಉಳಿಯಿತು.

"ಅವ್ರ ಫೋನು" ಎಂದರು ಅಕ್ಕ. "ಫ್ರಿಜ್ ಮೇಲಿಟ್ಟಿದೀನಿ."

"ಇನ್ನೂ ಆನ್ ಇದೆಯಾ ಅಕ್ಕಾ?"

"ದಿನಾ ಚಾರ್ಜಿಗೆ ಹಾಕ್ತೀನಿ. ಬಸ್ ಸ್ಟ್ಯಾಂಡ್ ಹತ್ರ ಹೋಗಿ ಕರೆನ್ಸೀನೂ ಹಾಕಿಸ್ಕೊಂಡ್ ಬತ್ತೀನಿ. ಮಗಳು ಬೈತಾಳೆ, ಆ ಸಿಮ್ ತೆಗೆಸಮ್ಮ, ಯಾಕ್ ದುಡ್ಡು ದಂಡ ಅಂತ. ಅವಳಿಗೆ ಹೆಂಗ್ ಹೇಳ್ಲಿ." ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. "ಮೊದ್ಲು ಅಡುಗೆ ಮನೇಲಿ ಇದ್ರೆ, ಆ ಗಂಟೆ ಬಡಿದ್ರೆ, ಸರಿ, ಇನ್ನು ಇವ್ರು ಊಟಕ್ಕೆ ಏಳಲ್ಲ ಅಂತ ಬೈಕೊಳ್ತಿದ್ದೆ. ಈಗ್ಲೂ ಬಡಿದ್ರೆ ಬಾಯಿಗೆ ಅದೇ ಮಾತು ಬತ್ತದೆ. ಬೈದ್ಮೇಲೆ ಗೊತ್ತಾಗುತ್ತೆ."

"ತೆಗೆದು ನೋಡಿದಿರಾ ಅಕ್ಕಾ, ಯಾರ ಪತ್ರ ಅಂತ?"

"ಇಲ್ಲ. ತೆಗೆದ್ರೆ ಓದಿದ್ದು ಅಂತ ಆಗ್ಬಿಡುತ್ತಂತೆ, ಅವ್ರೇ ಹೇಳ್ತಿದ್ರು. ಓದಿ ಉತ್ತರ ಕೊಡ್ದಿದ್ರೆ ತಪ್ಪಲ್ವಾ? ಅದಕ್ಕೆ ಮುಟ್ಟಿಲ್ಲ."

ನನಗೆ ಆಗ ಪೂರ್ತಿ ಅರ್ಥವಾಯಿತು, ನಾನು ಏನು ಕೇಳಲು ಬಂದಿದ್ದೇನೆ ಎಂದು. ಆ ಪತ್ರಗಳು ಇಲ್ಲಿಗೆ ಬರುವುದು ಉಸ್ತುವಾರಿಯ ಸಾಲಿನಲ್ಲಿ ಅವರ ಹೆಸರಿದೆ ಎಂಬ ಕಾರಣಕ್ಕೆ. ಹೆಸರು ತೆಗೆದರೆ ಪತ್ರ ಬರುವುದಿಲ್ಲ. ಗಂಟೆ ಬಡಿಯುವುದಿಲ್ಲ. ಈ ಮನೆಯಲ್ಲಿ ಅವರನ್ನು ಇನ್ನೂ ಯಾರೋ ಕರೆಯುತ್ತಿದ್ದಾರೆ ಎನ್ನುವ ಒಂದೇ ಒಂದು ಸದ್ದನ್ನು ನಿಲ್ಲಿಸಲು ನಾನು ಲ್ಯಾಪ್‌ಟಾಪ್ ಹೊತ್ತುಕೊಂಡು ಬಂದಿದ್ದೆ. ಹೇಳದೆ ಎದ್ದು ಹೋಗಿಬಿಡೋಣ ಎನ್ನಿಸಿತು. ಆದರೆ ಆ ಕಡೆ ಒಬ್ಬಾಕೆ ಬಾಗಿಲು ತಟ್ಟಿ ನಿಂತಿದ್ದಾಳೆ. ಹೇಳಿದೆ. ಯಾವುದನ್ನೂ ಮುಚ್ಚಿಡದೆ, ಗಂಟೆ ನಿಲ್ಲುತ್ತದೆ ಎಂಬುದನ್ನೂ ಹೇಳಿದೆ.

ಅಕ್ಕ ಎದ್ದು ಹೋಗಿ ನನಗೆ ನೀರು ತಂದುಕೊಟ್ಟರು. ಮತ್ತೆ ಕೂತರು.

"ಹೊಲದ್ದೂ ಮೊನ್ನೆ ಪೌತಿ ಖಾತೆ ಆಯ್ತು" ಎಂದರು. ಸತ್ತವರ ಹೆಸರಲ್ಲಿರುವ ಜಮೀನನ್ನು ವಾರಸುದಾರರ ಹೆಸರಿಗೆ ಮಾಡುವುದಕ್ಕೆ ನಮ್ಮಲ್ಲಿ ಹಾಗೆನ್ನುತ್ತಾರೆ. "ತಾಲ್ಲೂಕಾಫೀಸಿಗೆ ಓಡಾಡಿ ಓಡಾಡಿ ಸಾಕಾಯ್ತು. ಎಷ್ಟೋ ಜನ ಮಾಡ್ಸೋದೇ ಇಲ್ಲ, ತಾತನ ಹೆಸರಲ್ಲೇ ಇರುತ್ತೆ ಪಹಣಿ. ನಾನೂ ಬೇಡ ಅಂದಿದ್ದೆ. ಇರ್ಲಿ ಬಿಡಿ, ಅವ್ರ ಹೆಸ್ರೇ ಇರ್ಲಿ ಅಂದೆ. ಆಮೇಲೆ ನಮ್ಮ ಬಾವ ಅಂದ್ರು, ನಾಳೆ ನೀರಿನ ಜಗಳ ಬಂದ್ರೆ ಕೇಳೋಕೆ ಬಂದೋರು ಯಾರನ್ನ ಕೇಳ್ಬೇಕಮ್ಮ ಅಂತ. ಸರಿ ಅಂತ ರುಜು ಹಾಕ್ದೆ." ನನ್ನ ಕಡೆ ನೋಡಿದರು. "ಇದೂ ಅದೇ ಅಲ್ವೇನಪ್ಪಾ?"

"ಅದೇ ಅಕ್ಕಾ."

"ಬರೆದಿದ್ದು ಅವ್ರು ಅಂತ ಎಲ್ಲಾದ್ರೂ ಉಳಿಯುತ್ತಾ? ಇಲ್ಲಾ, ಅದೂ ಹೋಗುತ್ತಾ?"

ಅದು ಹೋಗುವುದಿಲ್ಲ, ಯಾವ ಸಾಲನ್ನು ಯಾರು ಬರೆದರು ಎಂಬುದು ಅದರ ಚರಿತ್ರೆಯಲ್ಲಿ ಇದ್ದೇ ಇರುತ್ತದೆ, ತೆಗೆಯಲು ಯಾರಿಂದಲೂ ಆಗುವುದಿಲ್ಲ ಎಂದೆ. ಅದು ನಿಜವೇ. ಆದರೂ ಆ ಹೊತ್ತಿಗೆ ಅದು ಬಹಳ ಸಣ್ಣ ಸಮಾಧಾನದ ಹಾಗೆ ಕೇಳಿಸಿತು.

"ಹಂಗಾದ್ರೆ ಮಾಡು. ಇಲ್ಲೇ ಮಾಡು, ನಾನು ನೋಡ್ತೀನಿ."

ಚಾಪೆಯ ಮೇಲೆ ಲ್ಯಾಪ್‌ಟಾಪ್ ಬಿಚ್ಚಿದೆ. ಕೆಲಸ ಎಂದರೆ ಎರಡೇ ಸಾಲು. ಒಂದು ಸಾಲು ಕಳೆಯಬೇಕು, ಒಂದು ಸಾಲು ಕೂಡಬೇಕು. ಕಳೆಯುವುದು ಅವರ ಹೆಸರು, ಕೂಡುವುದು ನನ್ನದು. ಪರದೆಯ ಮೇಲೆ ಅವರ ಹೆಸರಿನ ಸಾಲು ಕೆಂಪಾಗಿ, ನನ್ನದು ಹಸಿರಾಗಿ ಕಂಡಿತು. ಅದಕ್ಕೊಂದು ಕಾರಣ ಬರೆಯಬೇಕು. ಅದನ್ನು ಬಸ್ಸಿನಲ್ಲೇ ಯೋಚಿಸಿಕೊಂಡು ಬಂದಿದ್ದೆ, ಬರೆದೆ. ಏನು ಬರೆದೆ, ಕನ್ನಡದಲ್ಲಿ ಹೇಳು ಎಂದರು ಅಕ್ಕ.

"ಇವರು ಇನ್ನು ಮುಂದೆ ಲಭ್ಯರಿಲ್ಲ, ಆದ್ದರಿಂದ ಉಸ್ತುವಾರಿ ಬದಲಾಯಿಸಲಾಗಿದೆ ಅಂತ."

"ಲಭ್ಯ ಇಲ್ಲ ಅಂದ್ರೆ ಏನಪ್ಪಾ? ಎಲ್ಲೋ ಹೋಗಿದಾರೆ, ನಾಳೆ ಬತ್ತಾರೆ ಅಂದಂಗೈತೆ. ಆ ಯಮ್ಮ ಇನ್ನೂ ಕಾಯಲ್ವಾ?" ಎಂದರು. "ತೀರ್ಕೊಂಡ್ರು ಅಂತ ಬರಿ."

ಅಳಿಸಿದೆ. ತೀರಿಕೊಂಡರು ಎಂದು ಬರೆದೆ. ಅಷ್ಟು ತಿಂಗಳಲ್ಲಿ ಆ ಮಾತನ್ನು ನಾನು ಎಲ್ಲಿಯೂ ಬರೆದಿರಲಿಲ್ಲ. ಅಕ್ಷರಗಳು ಮಂಜಾದವು. ಅಕ್ಕನ ಎದುರಿಗೆ ಅಳಬಾರದು ಎಂದುಕೊಂಡಿದ್ದವನು ಅತ್ತುಬಿಟ್ಟೆ, ಅಕ್ಕ ನನ್ನ ಬೆನ್ನ ಮೇಲೆ ಕೈಯಿಟ್ಟುಕೊಂಡು ಕೂತಿದ್ದರು. ಕೆಳಗಡೆ ಯಾರ ಒಪ್ಪಿಗೆ ಎಂದು ಬರೆಯುವ ಜಾಗದಲ್ಲಿ ಅವರ ಮನೆಯವರ ಒಪ್ಪಿಗೆ ಪಡೆದಿದೆ ಎಂದು ಸೇರಿಸಿ ಕಳಿಸಿದೆ.

ಕಳಿಸಿದ ಮರುಗಳಿಗೆ ಫ್ರಿಜ್ಜಿನ ಮೇಲೆ ಗಂಟೆ ಬಡಿಯಿತು.

ಅಕ್ಕ ತಿರುಗಿ ನೋಡಿದರು. "ನೀನು ಕಳ್ಸಿದ್ದಾ?"

"ಹೂಂ ಅಕ್ಕಾ. ಆ ಫೈಲಿನಲ್ಲಿ ಹೆಸರಿದ್ದೋರಿಗೆಲ್ಲ ತಾನಾಗೇ ಹೋಗುತ್ತೆ. ಈ ಪತ್ರದ ತನಕ ಅವರ ಹೆಸರೇ ಇತ್ತಲ್ಲ."

"ಅವ್ರಿಗೇ ಹೇಳ್ದಂಗಾಯ್ತು ಬಿಡು" ಎಂದರು.

ಆಮೇಲೆ ನಾವಿಬ್ಬರೂ ಊಹಿಸದ ಒಂದು ಸಂಗತಿ ನಡೆಯಿತು. ಮಾರನೆಯ ದಿನ ನಾನು ಬೋರ್ಡು ನೋಡುತ್ತಿರುವಾಗ ಅಕ್ಕನ ಫೋನು. "ಏನಪ್ಪಾ ಇದು, ಬೆಳಗಿನಿಂದ ಒಂದೇ ಸಮ ಬಡ್ಕೊಳ್ತಾ ಐತೆ. ನಿಲ್ಲುತ್ತೆ ಅಂದಿದ್ದೆ ನೀನು." ನನ್ನ ಫೋನಿಗೂ ಅವೇ ಪತ್ರಗಳು ಬರುತ್ತಿದ್ದವು. ಸುದ್ದಿ ಓದಿದವರು ಉತ್ತರ ಬರೆಯುತ್ತಿದ್ದರು. ಎಲ್ಲರಿಗೂ ಹೋಗುವ ಹಾಗೆ ಉತ್ತರ ಕೊಡುವುದು ಅಲ್ಲಿಯ ಪದ್ಧತಿ. ಹಾಗಾಗಿ ಅವರನ್ನು ಕುರಿತ ಸಂತಾಪವೆಲ್ಲ 'ಎಲ್ಲರಿಗೂ' ಎನ್ನುವುದರಲ್ಲಿ ಸೇರಿ ಅವರಿಗೂ ಹೋಗುತ್ತಿತ್ತು.

ನಾನು ಹೊರಗೆ ಮೆಟ್ಟಿಲ ಮೇಲೆ ಕೂತು ಒಂದೊಂದನ್ನೇ ಕನ್ನಡದಲ್ಲಿ ಓದಿ ಹೇಳಿದೆ. ಆ ಹಿರಿಯ ಬರೆದಿದ್ದ: ಮೊದಲ ಸಲ ನಾನು ಒರಟಾಗಿ ಉತ್ತರಿಸಿದ್ದೆ, ಅವರು ಅದಕ್ಕೆ ಧನ್ಯವಾದ ಹೇಳಿದರು, ಆಮೇಲೆ ನಾನು ಯಾರಿಗೂ ಹಾಗೆ ಬರೆಯಲಿಲ್ಲ. ಇನ್ನೊಬ್ಬ, ಅವರು ನನಗೆ ಎಂದೂ ಉತ್ತರ ತಡಮಾಡಿದವರಲ್ಲ ಎಂದಿದ್ದ. ಸಮುದ್ರದ ಪೆಟ್ಟಿಗೆ ಮಾಡುತ್ತಿದ್ದಾಕೆಯ ಪತ್ರ ಕೊನೆಗೆ ಬಂತು. ಅಷ್ಟು ಸಲ ನೆನಪಿಸಿ ತೊಂದರೆ ಕೊಟ್ಟೆ, ಅವರ ಮನೆಯವರು ಕ್ಷಮಿಸಬೇಕು. ನಾವು ನೀರಿಗೆ ಬಿಟ್ಟ ಪ್ರತಿ ಪೆಟ್ಟಿಗೆಯೂ ಅವರು ಬರೆದ ಸಾಲುಗಳನ್ನು ಓದಿಕೊಂಡೇ ಎದ್ದೇಳುತ್ತದೆ ಎಂದು ಬರೆದಿದ್ದಳು.



"ಅವ್ರು ಸಮುದ್ರ ನೋಡೇ ಇರ್ಲಿಲ್ಲ ಕಣಪ್ಪಾ" ಎಂದರು ಅಕ್ಕ. "ಹೋಗಣ ಹೋಗಣ ಅಂತಿದ್ರು. ಉತ್ತರ ಬರೆಯೋದಿದೆ, ಮುಂದಿನ ವಾರ ಹೋಗಣ ಅಂತಿದ್ರು."

ಎರಡು ಮೂರು ದಿನ ಹೀಗೆ ಪತ್ರಗಳು ಬಂದವು. ನನ್ನ ತಿದ್ದುಪಡಿಯನ್ನು ಒಪ್ಪಿದರು. ಆಕೆಯ ಕೆಲಸವನ್ನು ನಾನು ನೋಡಿ ಸರಿ ಎಂದೆ, ಅದೂ ಸೇರಿತು. ಈಗ ಆ ಕಂಟ್ರೋಲರ್ ಬಗ್ಗೆ ಪತ್ರ ಬಂದರೆ ನನಗೆ ಬರುತ್ತದೆ. ಸಂಜೆಯೊಳಗೆ ಉತ್ತರ ಕೊಡಲು ನೋಡುತ್ತೇನೆ. ಅವರಷ್ಟು ಚೆನ್ನಾಗಿ ಬರೆಯಲು ನನಗೆ ಬರುವುದಿಲ್ಲ. ಅಜ್ಜಂಪುರದ ಫೋನಿಗೆ ಆಮೇಲೆ ಏನೂ ಹೋಗಲಿಲ್ಲ.

ಯುಗಾದಿ ಆದ ಮೇಲೆ ಅಕ್ಕನಿಗೆ ಫೋನ್ ಮಾಡಿದೆ. ಮಗಳು ಬಂದು ಹೋದದ್ದು, ಹೊಲಕ್ಕೆ ಗೊಬ್ಬರ ಹೊಡೆಸಿದ್ದು, ಎಲ್ಲ ಹೇಳಿದರು. ಮಾತು ಮುಗಿಯಿತು ಎನ್ನುವಾಗ, "ಮೊನ್ನೆ ಅವ್ರ ಫೋನು ಚಾರ್ಜಿಗೆ ಹಾಕೋದು ಮರ್ತೋಯ್ತು ಕಣಪ್ಪಾ" ಎಂದರು. "ಬೆಳಿಗ್ಗೆ ನೋಡ್ತೀನಿ, ಆಫ್ ಆಗ್ಬಿಟ್ಟಿತ್ತು. ಯಾವಾಗ ಆಯ್ತೋ ಗೊತ್ತೇ ಆಗ್ಲಿಲ್ಲ ನನಗೆ. ಮಣ್ಣು ಮಾಡ್ದಾಗ್ಲೂ ಅಷ್ಟು ಅಳ್ಲಿಲ್ಲ ನಾನು."

"ಈಗ ಹಾಕಿದೀರಾ ಅಕ್ಕಾ?" ಎಂದು ಕೇಳಿದೆ.

"ಹಾಕಿದೀನಿ" ಎಂದರು. "ಸುಮ್ನೆ."